ಪಶ್ಚಿಮದ ಕಿಟಕಿಗೂ ಕಾರಿಗೂ ಸನ್ ಫಿಲ್ಮ್: ಹಾಕಿಸಲೋ ಬೇಡವೋ, ಹಾಕಿಸಿದರೆ ಯಾವುದು?

ಗೋಪಾಳದವ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಗೋಪಾಳದಲ್ಲಿ ನಮ್ಮ ಮನೆ. ಮಹಡಿ ಮೇಲಿನ ಹಾಲ್‌ಗೆ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ. ಆರು ಅಡಿ ಅಗಲ, ಐದು ಅಡಿ ಎತ್ತರ. ಮನೆ ಕಟ್ಟುವಾಗ ಬೆಳಕು ಚೆನ್ನಾಗಿ ಬರಲಿ ಅಂತ ನಾನೇ ಹಟ ಹಿಡಿದು ಇಡಿಸಿದ್ದು. ಮಾರ್ಚ್ ಬಂತು ಅಂದರೆ ಮಧ್ಯಾಹ್ನ ಮೂರರಿಂದ ಆರರವರೆಗೆ ಅಲ್ಲಿ ಕೂರುವ ಹಾಗಿಲ್ಲ. ಸೋಫಾದ ಒಂದು ಕೈ ಇನ್ನೂ ಕೆಂಪು, ಬಿಸಿಲು ಬೀಳುವ ಇನ್ನೊಂದು ಕೈ ಈಗ ತೊಳೆದ ಇಟ್ಟಿಗೆ ಬಣ್ಣ. ಅಪ್ಪ ದಿನಾ "ಹೇಳಿದ್ದೆ ಅಲ್ವಾ" ಅಂತಾರೆ.

ಜೊತೆಗೆ ಕಾರು. ವಾರಕ್ಕೆ ಎರಡು ಸಲ ತೀರ್ಥಹಳ್ಳಿಗೆ ಹೋಗಿ ಬರುತ್ತೇನೆ. ನನ್ನ ಎರಡು ಕೈ ಪಕ್ಕಪಕ್ಕ ಇಟ್ಟರೆ ಇಬ್ಬರು ಬೇರೆ ಬೇರೆ ಮನುಷ್ಯರ ಕೈ ಥರ ಕಾಣುತ್ತವೆ. ಬಲಗೈ ಅಷ್ಟು ಕಪ್ಪಾಗಿದೆ.

ಮೊನ್ನೆ ಒಂದು ಅಂಗಡಿಗೆ ಹೋಗಿದ್ದೆ. ಒಂದು ಕೆಂಪು ಬಲ್ಬ್ ಹಚ್ಚಿ, ನಡುವೆ ಫಿಲ್ಮ್ ಅಂಟಿಸಿದ ಗಾಜು ಇಟ್ಟು, ಈಚೆ ಕೈ ಇಡಿ ಅಂದರು. ನಿಜಕ್ಕೂ ತಣ್ಣಗಿತ್ತು. "99 ಪರ್ಸೆಂಟ್ ಬಿಸಿ ನಿಲ್ಲುತ್ತೆ ಸರ್" ಅಂದರು. ನಂಬಬಹುದಾ? ಕಾರಿಗೆ ಹಾಕಿಸಿದರೆ ಪೊಲೀಸರು ಹಿಡಿಯಲ್ವಾ?

ಘಾಟಿ ಡ್ರೈವರ್:
ಕಾರಿನದ್ದು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಅಲ್ಲಿ ದಂಡ ಇದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಇದಕ್ಕೆ ಸಂಬಂಧಪಟ್ಟಿದ್ದು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70 ಬೆಳಕು ದಾಟಬೇಕು. ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50. ಮೊದಲೆಲ್ಲ ಜನ ಈ ಲೆಕ್ಕದ ಒಳಗೇ ಇದೆ ಅಂತ ಹೇಳಿಕೊಂಡು ಕಪ್ಪು ಫಿಲ್ಮ್ ಹಾಕಿಸುತ್ತಿದ್ದರು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಆ ಮಾತೇ ಬೇಡ ಅಂತು. ಗಾಜು ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರಬೇಕು, ಮೇಲೆ ಏನನ್ನೂ ಅಂಟಿಸುವಂತಿಲ್ಲ, ಶೇಕಡಾ ಎಷ್ಟೇ ಇರಲಿ. ಮೇ 4ರಿಂದ ಜಾರಿ ಅಂದರು. ಆಗ ನಾನು ಓಡಿಸುತ್ತಿದ್ದ ಜೀಪಿನ ಹಿಂದಿನ ಗಾಜಿನಿಂದ ಫಿಲ್ಮ್ ಕೀಳುವುದಕ್ಕೆ ಒಂದು ಇಡೀ ಭಾನುವಾರ ಹೋಯಿತು. ಹಳೇ ಫಿಲ್ಮ್, ನೇರಳೆ ಬಣ್ಣಕ್ಕೆ ತಿರುಗಿತ್ತು. ಉಗುರಿನಷ್ಟಗಲ ಉಗುರಿನಷ್ಟಗಲವಾಗಿ ಹರಿದು ಬರುತ್ತಿತ್ತು.

ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂತು. 2021ರ ಏಪ್ರಿಲ್ 1ರಿಂದ "ಸೇಫ್ಟಿ ಗ್ಲಾಸ್" ಜೊತೆಗೆ "ಸೇಫ್ಟಿ ಗ್ಲೇಜಿಂಗ್" ಅನ್ನುವುದೂ ಸೇರಿತು. ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಅದರಲ್ಲಿ ಬರುತ್ತದೆ. ಇದನ್ನೇ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಮಿತಿಯೊಳಗಿದ್ದರೆ ಫಿಲ್ಮ್ ಇರಬಹುದು ಅಂತ ತೀರ್ಪು ಕೊಟ್ಟಿತು. ಆದರೆ ಅದು ಕೇರಳದ ತೀರ್ಪು. ನಮ್ಮ ಸರ್ಕಲ್‌ನಲ್ಲಿ ನಿಂತಿರುವ ಪೊಲೀಸರು ಅದನ್ನು ಒಪ್ಪಲೇಬೇಕು ಅಂತಿಲ್ಲ. ನೋಡಲು ಕಪ್ಪಗಿದ್ದರೆ ಕೈ ಅಡ್ಡ ಬರುತ್ತದೆ, ಅಷ್ಟೇ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆಗುಂಬೆ ಘಾಟಿಯಲ್ಲಿ 14 ತಿರುವು. ಜುಲೈ ರಾತ್ರಿ, ಮಳೆ, ಮಂಜು. ತಿರುವಿನಲ್ಲಿ ನೋಡಬೇಕಾದದ್ದು ಮುಂದಿನ ಗಾಜಿನಲ್ಲಿ ಅಲ್ಲ, ಪಕ್ಕದ ಗಾಜಿನಲ್ಲಿ. ಪಕ್ಕದ ಗಾಜು ಕಪ್ಪಗಿದ್ದರೆ ಕನ್ನಡಿಯೂ ಕಾಣುವುದಿಲ್ಲ, ಚರಂಡಿಯೂ ಕಾಣುವುದಿಲ್ಲ.

ಗೋಪಾಳದವ:
ಅಂದರೆ 50 ಪರ್ಸೆಂಟ್ ಫಿಲ್ಮ್ ಹಾಕಿಸಿದರೆ ಪಕ್ಕದ ಗಾಜಿಗೆ ಸರಿ ಆಗುತ್ತಾ ಅಣ್ಣ?

ಸ್ಟಿಕ್ಕರ್ ಕೆಲಸದವ:
ಆಗಲ್ಲ ಸರ್. ಎಲ್ಲರೂ ಎಡವುವುದು ಇಲ್ಲೇ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ದಿನಕ್ಕೆ ಒಬ್ಬರಿಗಾದರೂ ಇದನ್ನು ಹೇಳುತ್ತೇನೆ.

ಕಾರಿನ ಗಾಜು ನೋಡಲು ಬಿಳಿ. ಆದರೆ ಕಂಪನಿಯಿಂದ ಬರುವಾಗಲೇ ತೆಳು ಹಸಿರು. ಬಿಳಿ ಹಾಳೆ ಹಿಂದೆ ಹಿಡಿದು ನೋಡಿ, ಗೊತ್ತಾಗುತ್ತದೆ. ಅದೇ ಕಾಲು ಭಾಗ ಬೆಳಕನ್ನು ತಿಂದಿರುತ್ತದೆ. ನಿಮ್ಮ ಗಾಜು 75 ಬಿಡುತ್ತದೆ ಅಂತಿಟ್ಟುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಹಾಕಿದರೆ 75ರಲ್ಲಿ ಅರ್ಧ, ಅಂದರೆ 37.5. ಕಾನೂನಿಗೆ ಹೊರಗಾಯಿತು. 70ರ ಫಿಲ್ಮ್ ಹಾಕಿದರೆ 52.5. ಕೂದಲೆಳೆಯಲ್ಲಿ ಪಾಸು. ನಿಮ್ಮ ಗಾಜು 70 ಮಾತ್ರ ಬಿಡುವಂಥದ್ದಾದರೆ ಅದೇ 70ರ ಫಿಲ್ಮ್‌ಗೆ 49. ಫೇಲು! ಹಾಗಾಗಿ ಮೊದಲು ಬರೀ ಗಾಜನ್ನು ಮೀಟರ್ ಇಟ್ಟು ಅಳೆಸಿ. ಅಂಗೈ ಅಗಲದ ಮೀಟರ್, ಒಂದು ಭಾಗ ಗಾಜಿನ ಒಳಗೆ, ಒಂದು ಭಾಗ ಹೊರಗೆ. ಅಂಗಡಿಯಲ್ಲಿ ಮೀಟರ್ ಇಲ್ಲ ಅಂದರೆ ಬೇರೆ ಅಂಗಡಿ ನೋಡಿ. ಮುಂದಿನ ಗಾಜಿಗೆ ನಾನು ಏನೂ ಹಾಕುವುದಿಲ್ಲ. ಅಲ್ಲಿ ಮೊದಲೇ ಮಿತಿಯ ಹತ್ತಿರ ಇರುತ್ತದೆ.

ಇನ್ನು ಬಲ್ಬ್ ಆಟ. ನಾನೂ ಮಾಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆ ಕೆಂಪು ಬಲ್ಬ್ ಕೊಡುವುದು ಹೆಚ್ಚೂಕಡಿಮೆ ಬರೀ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬಿಸಿ ಕಿರಣ. ಸೂರ್ಯ ಹಾಗಲ್ಲ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಇನ್‌ಫ್ರಾರೆಡ್, ಉಳಿದದ್ದರಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಕಾಣುವ ಬೆಳಕು. ಆ ಬೆಳಕೂ ಒಳಗೆ ಬಂದು ಸೋಫಾಕ್ಕೆ ತಾಗಿದರೆ ಬಿಸಿಯೇ. ಅಲ್ಟ್ರಾವಯಲೆಟ್ ತೀರಾ ಸ್ವಲ್ಪ, ನೂರಕ್ಕೆ ಐದರ ಆಸುಪಾಸು. ಹಾಗಾಗಿ "99 ಪರ್ಸೆಂಟ್" ಅಂದಾಗ ಯಾವುದರಲ್ಲಿ 99 ಅಂತ ಕೇಳಿ. ಅಲ್ಟ್ರಾವಯಲೆಟ್‌ನಲ್ಲಿ ಅಂದರೆ ನಿಜವೇ. ಇನ್‌ಫ್ರಾರೆಡ್‌ನಲ್ಲಿ ಅಂದರೆ ಯಾವುದೋ ಒಂದು ತುಂಡು ತರಂಗದಲ್ಲಿ ಅಳೆದಿರುತ್ತಾರೆ. ಒಟ್ಟು ಬಿಸಿಲಿನಲ್ಲಿ ಅಂದರೆ ಅಂಥ ಪಾರದರ್ಶಕ ಫಿಲ್ಮ್ ಇಲ್ಲವೇ ಇಲ್ಲ.

ನೀವು ಕೇಳಬೇಕಾದ ಅಂಕಿ ಟಿಎಸ್‌ಇಆರ್. ಒಟ್ಟು ಸೂರ್ಯನ ಶಕ್ತಿಯಲ್ಲಿ ಎಷ್ಟು ವಾಪಸ್ ಹೋಯಿತು ಅನ್ನುವುದು. ಬೆಳಕು ಎಷ್ಟು ಬರುತ್ತದೆ ಅನ್ನುವುದಕ್ಕೆ ವಿಎಲ್‌ಟಿ. ಈ ಎರಡು ಕೇಳಿ ಸಾಕು.

ಗೋಪಾಳದವ:
ಕಪ್ಪಗಿದ್ದಷ್ಟೂ ತಂಪು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಸ್ಟಿಕ್ಕರ್ ಕೆಲಸದವ:
ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಕಪ್ಪು ಅಂದರೆ ಕಣ್ಣಿಗೆ ತಂಪು, ಮೈಗೆ ಅಲ್ಲ. ಅಗ್ಗದ ಫಿಲ್ಮ್ ಬರೀ ಬಣ್ಣ ಹಾಕಿದ ಪ್ಲಾಸ್ಟಿಕ್. ಅದು ಬಿಸಿಲನ್ನು ಹೀರಿ ತಾನೇ ಕಾಯುತ್ತದೆ, ಆಮೇಲೆ ಒಂದಷ್ಟು ಬಿಸಿಯನ್ನು ಒಳಗೇ ಬಿಡುತ್ತದೆ. ಬಣ್ಣ ಮಾಸಿದಾಗ ಡ್ರೈವರಣ್ಣ ಹೇಳಿದ ನೇರಳೆ. ಕಾರ್ಬನ್ ಇರುವುದು ಬಣ್ಣ ಬಿಡುವುದಿಲ್ಲ, ಸ್ವಲ್ಪ ಮೇಲು. ಲೋಹದ ಪದರ ಇರುವುದು ಬಿಸಿಲನ್ನು ಹೊರಗೇ ಹೊಡೆದು ಕಳಿಸುತ್ತದೆ, ಆದರೆ ಕನ್ನಡಿ ಥರ ಹೊಳೆಯುತ್ತದೆ. ಸೆರಾಮಿಕ್ ದುಬಾರಿ, ಆದರೆ ಬೆಳಕು ಬಿಟ್ಟು ಇನ್‌ಫ್ರಾರೆಡ್ ಮಾತ್ರ ಜಾಸ್ತಿ ತಡೆಯುತ್ತದೆ. ತೆಳು ಬಣ್ಣದ ಒಳ್ಳೆ ಸೆರಾಮಿಕ್, ಕಡುಕಪ್ಪು ಅಗ್ಗದ ಫಿಲ್ಮನ್ನು ಬಿಸಿ ತಡೆಯುವುದರಲ್ಲಿ ಸೋಲಿಸಬಹುದು. ಕಾರಿಗೆ 70ರದ್ದು ಬೇಕು ಅಂದರೆ ಬೇರೆ ದಾರಿಯೂ ಇಲ್ಲ, ಸೆರಾಮಿಕ್ಕೇ.

ನಿಮ್ಮ ಕೈ ವಿಷಯ: ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು. ಆ ಹಾಳೆಯೇ ಅಲ್ಟ್ರಾವಯಲೆಟ್ಟನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬಾಗಿಲ ಗಾಜು ಸಾಮಾನ್ಯವಾಗಿ ಒಂಟಿ ಗಾಜು, ಅಷ್ಟು ತಡೆಯುವುದಿಲ್ಲ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕೆ ಇರುವುದರಿಂದ ಬಲಗೈ ಸುಡುತ್ತದೆ. ಇದಕ್ಕೆ ಯಾವ ಬಣ್ಣವೂ ಇಲ್ಲದ ಫಿಲ್ಮ್ ಕೂಡ ಸಾಕು.

ಆಗುಂಬೆ ಹೋಂಸ್ಟೇ:
ಲೋಹದ ಫಿಲ್ಮ್ ಬಗ್ಗೆ ನನ್ನ ಕಥೆ ಹೇಳುತ್ತೇನೆ. ನಮ್ಮಲ್ಲಿ ನೆಟ್‌ವರ್ಕ್ ಅಂದರೆ ಒಂದು ಕಡ್ಡಿ. ಆ ಕಡ್ಡಿಯೂ ಪೂರ್ವದ ಕಿಟಕಿ ಹತ್ತಿರ ನಿಂತರೆ ಮಾತ್ರ. ಅದೇ ಕಿಟಕಿಗೆ ಬೆಳ್ಳಿ ಬಣ್ಣದ ಫಿಲ್ಮ್ ಹಾಕಿಸಿದೆ ಮಾರಾಯ್ರೆ! ಅವತ್ತಿನಿಂದ ಫೋನ್ ಹಿಡಿದುಕೊಂಡು ಅಂಗಳಕ್ಕೆ ಓಡುವುದೇ ಕೆಲಸ. ಲೋಹದ ಪದರ ಸಿಗ್ನಲ್ ತಡೆಯುತ್ತದೆ ಅಂತ ಹಾಕಿಸುವಾಗ ಯಾರೂ ಹೇಳಲಿಲ್ಲ. ಕಾರಿನಲ್ಲಾದರೆ ಫಾಸ್ಟ್ಯಾಗ್, ಜಿಪಿಎಸ್‌ಗೂ ಇದೇ ಪಾಡು. ಮಲೆನಾಡಿನವರು ಲೋಹದ್ದು ಬಿಟ್ಟು ಬೇರೆ ಏನಾದರೂ ನೋಡಿ.

ಎರಡನೇ ತೊಂದರೆ, ಹಕ್ಕಿಗಳು. ಹೊಳೆಯುವ ಗಾಜಿನಲ್ಲಿ ತೋಟದ ಮರಗಳೇ ಕಾಣುತ್ತವೆ. ಹಕ್ಕಿಗೆ ಅದೂ ಕಾಡೇ. ಪಚ್ಚೆ ರೆಕ್ಕೆಯ ಕಾಡು ಪಾರಿವಾಳ ಒಂದು, ಬೆಳಗ್ಗೆ ಆರೂವರೆಗೆ, ಕಲ್ಲು ಎಸೆದ ಹಾಗೆ ಬಂದು ಬಡಿಯಿತು. ಹೊರಗೆ ಹೋಗಿ ನೋಡಿದರೆ ಗಾಜಿನ ಮೇಲೆ ಪುಡಿಯಲ್ಲಿ ಬಿಡಿಸಿದ ಹಾಗೆ ಎರಡು ರೆಕ್ಕೆ, ನಡುವೆ ಎದೆ, ಗರಿಯ ಗೆರೆ ಗೆರೆ ಅಚ್ಚು. ಕೆಳಗೆ ಕೆಸುವಿನ ಎಲೆ ಮೇಲೆ ಹಕ್ಕಿ. ಆ ಅಚ್ಚನ್ನು ಒರೆಸಲು ಎರಡು ದಿನ ಮನಸ್ಸು ಬರಲಿಲ್ಲ.

ಈಗ ಗಾಜಿನ ಹೊರಮೈಗೆ ಬಿಳಿ ಚುಕ್ಕಿ ಅಂಟಿಸಿದ್ದೇನೆ. ಚುಕ್ಕಿಗೂ ಚುಕ್ಕಿಗೂ ನಡುವೆ ಎರಡು ಇಂಚು ಮೀರಬಾರದು. ಜಾಗ ಜಾಸ್ತಿ ಬಿಟ್ಟರೆ ನುಗ್ಗಬಹುದು ಅಂತ ಹಕ್ಕಿ ಅಂದುಕೊಳ್ಳುತ್ತದೆ. ಒಳಮೈಗೆ ಅಂಟಿಸಿದರೆ ಉಪಯೋಗ ಕಡಿಮೆ, ಪ್ರತಿಬಿಂಬ ಮೂಡುವುದು ಹೊರಮೈಯಲ್ಲಿ ಅಲ್ವಾ. ಒಂದು ಗಿಡುಗದ ಸ್ಟಿಕ್ಕರ್ ಅಂಟಿಸಿದರೆ ಹೆದರುತ್ತವೆ ಅನ್ನುತ್ತಾರೆ. ನಾನು ಅಂಟಿಸಿ ನೋಡಿದ್ದೆ, ಪಿಕಳಾರ ಅದರ ಪಕ್ಕದಲ್ಲೇ ಬಂದು ಬಡಿಯಿತು.

ಮಂಗಗಳ ಕಥೆ ಇನ್ನೊಂದು. ಗಾಜಿನಲ್ಲಿ ತನ್ನದೇ ಮುಖ ಕಂಡು ಜಗಳಕ್ಕೆ ನಿಲ್ಲುತ್ತವೆ. ಅದನ್ನು ಬರೆಯಲು ಕೂತರೆ ರಾತ್ರಿಯಾಗುತ್ತದೆ.

ಭದ್ರಾವತಿ ಮೇಷ್ಟ್ರು:
ಫಿಲ್ಮ್ ಆರಿಸುವ ಮೊದಲು ಬಿಸಿಲು ಯಾವ ಕಿಟಕಿಗೆ, ಯಾವಾಗ ಬರುತ್ತದೆ ಅಂತ ನೋಡುವುದು ಒಳ್ಳೆಯದು. ಖರ್ಚಿಲ್ಲದ ಕೆಲಸ.

ಶಿವಮೊಗ್ಗ ಇರುವುದು ಹೆಚ್ಚೂಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಅಂಗಳದಲ್ಲಿ ನೆಟ್ಟ ಕಂಬಕ್ಕೆ ಆ ಹೊತ್ತು ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾದರೆ ಸೆಕೆಗಾಲದ ನಡು ಮಧ್ಯಾಹ್ನ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದು ಕಡಿಮೆ. ಬಿದ್ದರೂ ಕಡಿದಾಗಿ ಬೀಳುತ್ತದೆ, ಎರಡು ಅಡಿ ಸಜ್ಜಾ ಅದನ್ನು ತಡೆಯುತ್ತದೆ. ದಕ್ಷಿಣಕ್ಕೆ ಬಿಸಿಲು ಒಳಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಬಂದರೆ ಬೇಡ ಅನ್ನುವವರು ಯಾರು?

ಪಶ್ಚಿಮ ಹಾಗಲ್ಲ. ನಾಲ್ಕು ಗಂಟೆ ಮೇಲೆ ಸೂರ್ಯ ಕೆಳಗಿಳಿದಿರುತ್ತಾನೆ, ಸಜ್ಜಾದ ಕೆಳಗೆ ನುಸುಳಿ ನೇರ ಗೋಡೆಗೆ ಬರುತ್ತಾನೆ. ಅಷ್ಟೊತ್ತಿಗೆ ಗೋಡೆ, ತಾರಸಿ ಎಲ್ಲ ಮೊದಲೇ ಕಾದಿರುತ್ತವೆ. ಗೋಪಾಳದವರೇ, ನಿಮ್ಮದು ಮೇಲಿನ ಮಹಡಿ. ಆ ಹಾಲ್‌ನ ಸೆಕೆಯಲ್ಲಿ ಕಿಟಕಿಯ ಪಾಲು ಎಷ್ಟು, ತಾರಸಿಯ ಪಾಲು ಎಷ್ಟು? ರಾತ್ರಿ ಎಂಟು ಗಂಟೆಗೆ ಸೀಲಿಂಗ್ ಮುಟ್ಟಿ ನೋಡಿ. ಬಿಸಿ ಇದ್ದರೆ ಕಿಟಕಿಗೆ ಚಿನ್ನದ ಫಿಲ್ಮ್ ಹಾಕಿದರೂ ಪೂರ್ತಿ ಹೋಗುವುದಿಲ್ಲ.

ಗೋಪಾಳದವ:
ಸ್ಟೂಲ್ ಹಾಕಿ ಮುಟ್ಟಿ ನೋಡಿದೆ ಸರ್. ಬಿಸಿ ಇದೆ, ಆದರೆ ಕಿಟಕಿ ಎದುರಿನ ಟೈಲ್ಸ್ ಅದಕ್ಕಿಂತ ಜಾಸ್ತಿ ಬಿಸಿ. ಬರಿಗಾಲಲ್ಲಿ ನಡೆದರೆ ಎಲ್ಲಿಂದ ಎಲ್ಲಿಯವರೆಗೆ ಬಿಸಿಲು ಬಿದ್ದಿತ್ತು ಅಂತ ರಾತ್ರಿಯೂ ಕಾಲಿಗೆ ಗೊತ್ತಾಗುತ್ತದೆ.

ಸಾಗರದ ಅಕ್ಕ:
ನಾನು ಹೇಳುವುದಕ್ಕೆ ನೀವೆಲ್ಲ ನಗಬಹುದು. ನಮ್ಮ ಮನೆಯಲ್ಲಿ ಪಶ್ಚಿಮದ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಬೇಸಿಗೆಯಲ್ಲಿ ಬಿಸಿಲಿಗೆ, ಮಳೆಗಾಲದಲ್ಲಿ ಇರಚಲಿಗೆ. ಬಿಸಿಲು ಗಾಜಿನವರೆಗೆ ಬರುವುದೇ ಇಲ್ಲ. ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದರೆ ಏನು ಬಂತು? ಆ ಪರದೆಯೇ ಕಾದು ಕೂತಿರುತ್ತದೆ. ಪೇಟೆಯಲ್ಲಿ ಸೋಗೆ ಸಿಗದಿದ್ದರೆ ಬಿದಿರಿನ ಚಿಕ್, ಸುತ್ತಿ ಎತ್ತುವ ಕಡ್ಡಿ ಪರದೆ, ಸಿಗುತ್ತದಲ್ಲ ತಮ್ಮಾ, ಅದನ್ನು ಕಿಟಕಿಯ ಹೊರಗೆ ಇಳಿಬಿಡು. ಒಳಗೆ ಅಲ್ಲ, ಹೊರಗೆ.

ಭದ್ರಾವತಿ ಮೇಷ್ಟ್ರು:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಬಿಸಿಲು ಗಾಜು ದಾಟುತ್ತದೆ. ಕಾದ ಸೋಫಾ, ಕಾದ ಪರದೆ ಹೊರಸೂಸುವ ಬಿಸಿ ಬೇರೆ ಥರದ್ದು, ಅದಕ್ಕೆ ಗಾಜು ದಾಟಲು ಆಗುವುದಿಲ್ಲ. ಒಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಹೊರಗಿನ ನೆರಳನ್ನು ಯಾವ ಫಿಲ್ಮೂ ಮೀರಿಸುವುದಿಲ್ಲ.

ಸ್ಟಿಕ್ಕರ್ ಕೆಲಸದವ:
ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿದಿರಿ ಅಕ್ಕ. ಆದರೂ ಒಪ್ಪುತ್ತೇನೆ. ಮೂರನೇ ಮಹಡಿಯಲ್ಲಿ ಚಿಕ್ ಕಟ್ಟಲು ಆಗದವರು, ಬಾಡಿಗೆ ಮನೆಯವರು, ಹೊರಗಿನ ನೋಟ ಬೇಕು ಅನ್ನುವವರು, ಗಾಜಿನ ಮುಂಭಾಗದ ಅಂಗಡಿಯವರು, ಇವರಿಗೆಲ್ಲ ಫಿಲ್ಮ್ ಬೇಕೇ ಬೇಕು. ಬಟ್ಟೆ ಬಣ್ಣ ಹೋಗುವುದೂ ಕಡಿಮೆಯಾಗುತ್ತದೆ. ನಿಂತೇಹೋಗುತ್ತದೆ ಅಂತ ಮಾತ್ರ ಹೇಳಲಾರೆ. ಬಣ್ಣ ತೆಗೆಯುವುದು ಅಲ್ಟ್ರಾವಯಲೆಟ್ ಒಂದೇ ಅಲ್ಲ, ಬಿಸಿ ಮತ್ತು ಬೆಳಕೂ ಸೇರಿಕೊಂಡೇ ತೆಗೆಯುತ್ತವೆ.

ವಿನೋಬನಗರ ನಿವಾಸಿ:
ಸೇರಿಸಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಪಶ್ಚಿಮದ ಕಿಟಕಿಗೆ ಕಡುಕಪ್ಪು ಫಿಲ್ಮ್ ಹಾಕಿಸಿದ್ದೆ. ಹಾಕಿದವರ ಹೆಸರು ಬೇಡ. ಫೆಬ್ರವರಿಯಲ್ಲಿ ಒಂದು ಸಂಜೆ ಟಪ್ ಅಂತ ಸದ್ದು. ಹುಡುಗರು ಚೆಂಡು ಹೊಡೆದರು ಅಂತ ಕೂಗಿಕೊಂಡು ಹೊರಗೆ ಹೋದೆ. ಅಂಗಳದಲ್ಲಿ ಚೆಂಡೂ ಇಲ್ಲ, ಹುಡುಗರೂ ಇಲ್ಲ. ಗಾಜು ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಹಾಕಿದವರನ್ನು ಕೇಳಿದರೆ "ಗಾಜೇ ಸರಿ ಇರಲಿಲ್ಲ" ಅಂದರು.

ಸ್ಟಿಕ್ಕರ್ ಕೆಲಸದವ:
ಸೀಳು ಅಂಚಿಗೆ ನೇರವಾಗಿ, ಮೂಲೆಮಟ್ಟ ಹಿಡಿದ ಹಾಗೆ ಶುರುವಾಗಿತ್ತಾ?

ವಿನೋಬನಗರ ನಿವಾಸಿ:
ಹೌದು. ಆಮೇಲೆ ಹಾವಿನ ಥರ ತಿರುಗಿತ್ತು.

ಸ್ಟಿಕ್ಕರ್ ಕೆಲಸದವ:
ಹಾಗಾದರೆ ಬಿಸಿಗೆ ಒಡೆದದ್ದು. ಕಲ್ಲು ಬಿದ್ದಿದ್ದರೆ ಬಿದ್ದ ಜಾಗದಿಂದ ನಕ್ಷತ್ರದ ಹಾಗೆ ಬಿರುಕು ಹರಡಿರುತ್ತಿತ್ತು. ಕಡುಕಪ್ಪು ಫಿಲ್ಮ್ ಬಿಸಿಲು ಹೀರಿ ಗಾಜನ್ನು ಕಾಯಿಸುತ್ತದೆ. ನಡುಭಾಗ ಕಾದು ಹಿಗ್ಗುತ್ತದೆ. ಫ್ರೇಮಿನೊಳಗೆ ಅಡಗಿರುವ ಅಂಚು ತಣ್ಣಗೇ ಇರುತ್ತದೆ. ಕಿಟಕಿಯ ಅರ್ಧಕ್ಕೆ ಮರದ ನೆರಳು, ಅರ್ಧಕ್ಕೆ ಬಿಸಿಲು ಇದ್ದರೆ ಇನ್ನೂ ಕಷ್ಟ. ಮಾಮೂಲಿ ಗಾಜಿನ ಅಂಚಿನಲ್ಲಿ ಕತ್ತರಿಸುವಾಗ ಬಿದ್ದ ಸಣ್ಣ ಚಕ್ಕೆ ಇದ್ದರೆ ಅಲ್ಲಿಂದಲೇ ಸೀಳು. ಟಫನ್ಡ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ, ಈ ಭಯ ತೀರಾ ಕಡಿಮೆ. ಗೋಪಾಳದವರೇ, ನಿಮ್ಮದು ಟಫನ್ಡ್ ಹೌದೋ ಅಲ್ಲವೋ ನೋಡಿ. ಮೂಲೆಯಲ್ಲಿ ಸಣ್ಣ ಮುದ್ರೆ ಇರುತ್ತದೆ. ಮುದ್ರೆ ಕಾಣದಿದ್ದರೆ ಮಾಮೂಲಿ ಗಾಜು ಅಂತಲೇ ಇಟ್ಟುಕೊಂಡು ತೆಳು ಬಣ್ಣದ್ದು ಆರಿಸಿ. ಎರಡು ಪದರದ ಗಾಜು ಇದ್ದರಂತೂ ಫಿಲ್ಮ್ ಕಂಪನಿಯವರನ್ನು ಕೇಳದೆ ಕೈ ಹಾಕಬೇಡಿ.

ಉಬ್ಬುಚಿತ್ರದ ಗಾಜು, ಗಾಜಿನ ಹೆಂಚು ಇವಕ್ಕೆ ಫಿಲ್ಮ್ ಕೂರುವುದಿಲ್ಲ. ಪಾಲಿಕಾರ್ಬೊನೇಟ್ ಶೀಟಿಗೆ ಕೂತ ಹಾಗೆ ಮಾಡಿ ಆಮೇಲೆ ಗುಳ್ಳೆ ಏಳುತ್ತದೆ.

ಆಗುಂಬೆ ಹೋಂಸ್ಟೇ:
ಒಂದು ಎಚ್ಚರಿಕೆ, ಮರೆತಿದ್ದೆ. "ಒಳಗಿಂದ ಕಾಣುತ್ತೆ, ಹೊರಗಿಂದ ಕಾಣಲ್ಲ" ಅಂತ ಮಾರುತ್ತಾರಲ್ಲ, ಅದು ಹಗಲಿನ ಮಾತು. ಯಾವ ಕಡೆ ಬೆಳಕು ಜಾಸ್ತಿಯೋ ಆ ಕಡೆಯವರಿಗೆ ಕನ್ನಡಿ. ರಾತ್ರಿ ಒಳಗೆ ಲೈಟ್ ಹಾಕಿದರೆ ಪೂರ್ತಿ ಉಲ್ಟಾ. ನಮ್ಮ ಬಚ್ಚಲಮನೆ ಕಿಟಕಿಗೆ ಅದನ್ನೇ ಹಾಕಿಸಿದ್ದೆ. ರಾತ್ರಿ ನಾಯಿಗೆ ಅನ್ನ ಹಾಕಲು ಹಿತ್ತಲಿಗೆ ಹೋದಾಗ ಗೊತ್ತಾಯಿತು. ಮರುದಿನವೇ ಹಾಲುಬಣ್ಣದ ಫಿಲ್ಮ್ ತಂದು ಅಂಟಿಸಿದೆ. ಅತಿಥಿಗಳಿಗೆ ಇವತ್ತಿಗೂ ಹೇಳಿಲ್ಲ.

ಗೋಪಾಳದವ:
ಹಾಕಿಸುವುದಕ್ಕೆ ಯಾವ ಕಾಲ ಒಳ್ಳೆಯದು?

ಸ್ಟಿಕ್ಕರ್ ಕೆಲಸದವ:
ಮಳೆಗಾಲ ಬಿಟ್ಟು ಯಾವಾಗಲಾದರೂ. ಸೋಪಿನ ನೀರು ಚಿಮುಕಿಸಿ, ಫಿಲ್ಮ್ ಕೂರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಹೊರಗೆ ದಬ್ಬುತ್ತೇವೆ. ಆದರೂ ಒಳಗೆ ಸ್ವಲ್ಪ ತೇವ ಉಳಿಯುತ್ತದೆ. ಅದು ಫಿಲ್ಮ್ ಮೂಲಕವೇ ಮೆಲ್ಲಗೆ ಆರಬೇಕು. ಬಿಸಿಲಿದ್ದರೆ ಬೇಗ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಹಾಕಿದರೆ ತಿಂಗಳು ದಾಟಿದರೂ ಮಸುಕು ಇರಬಹುದು. ಸಣ್ಣ ನೀರಿನ ಗುಳ್ಳೆ ಕಂಡರೆ ಗಾಬರಿಯಾಗಬೇಡಿ, ಸೂಜಿಯಿಂದ ಚುಚ್ಚಬೇಡಿ. ಗುಳ್ಳೆಯ ನಡುವೆ ಕಪ್ಪು ಚುಕ್ಕಿ ಇದ್ದರೆ ಮಾತ್ರ ಅದು ಧೂಳು, ನನ್ನ ತಪ್ಪು. ಅಮೋನಿಯಾ ಇರುವ ಗಾಜು ಕ್ಲೀನರ್ ತಾಗಿಸಬೇಡಿ. ಹಿಂದಿನ ಗಾಜಿನ ಕಂದು ಗೆರೆಗಳು ಮಂಜು ಕರಗಿಸುವ ತಂತಿ. ಹಳೆ ಫಿಲ್ಮ್ ಕೀಳುವಾಗ ಅಲ್ಲಿ ಬ್ಲೇಡ್ ಇಟ್ಟರೆ ತಂತಿ ಹೋಯಿತು. ಹಬೆ ಹಿಡಿದು ಕೀಳಿಸಿ.

ಕಾರಿನ ಗಾಜನ್ನು ನಾಲ್ಕು ದಿನ ಇಳಿಸಬಾರದು. ಇದನ್ನು ನಾಲ್ಕು ಸಲ ಬರೆದೆ ಅಂದುಕೊಳ್ಳಿ.

ಘಾಟಿ ಡ್ರೈವರ್:
ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕಟ್ಟುವುದಕ್ಕೆ ಫಿಲ್ಮ್ ಪರಿಹಾರ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಅಷ್ಟೇ.

ಗೋಪಾಳದವ:
ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಮನೆ ಕಿಟಕಿಯಲ್ಲಿ ಮುದ್ರೆ ಕಾಣಲಿಲ್ಲ, ಮಾಮೂಲಿ ಗಾಜು. ಹಾಗಾಗಿ ಅಕ್ಕ ಹೇಳಿದ ಹಾಗೆ ಹೊರಗೆ ಬಿದಿರಿನ ಚಿಕ್ ಕಟ್ಟಿಸಿದೆ. ಮೂರು ಗಂಟೆಗೆ ಇಳಿಸುವುದು, ಆರೂವರೆಗೆ ಎತ್ತುವುದು. ಆ ಡ್ಯೂಟಿ ಅಪ್ಪನದು. ಟೈಲ್ಸ್ ಈಗ ಕಾಲಿಗೆ ಸುಡುವುದಿಲ್ಲ. ಗಾಳಿಗೆ ಚಿಕ್ ಬಡಿದು ಸದ್ದು ಮಾಡುತ್ತದೆ, ಕೆಳಗೆ ಹಗ್ಗ ಕಟ್ಟಬೇಕು.

ಕಾರಿಗೆ ಸೆರಾಮಿಕ್ ಹಾಕಿಸಿದೆ, ಪಕ್ಕದ ನಾಲ್ಕು ಗಾಜಿಗೆ ಮಾತ್ರ. ಬರೀ ಗಾಜು ಮೀಟರ್‌ನಲ್ಲಿ 76 ತೋರಿಸಿತು. ಫಿಲ್ಮ್ ತುಂಡನ್ನು ಗಾಜಿನ ಮೇಲೆ ಇಟ್ಟು ಅಳೆದರೆ 53. ಬಿಲ್ಲಿನ ಮೇಲೆ ಎರಡೂ ಅಂಕಿ ಬರೆಸಿಕೊಂಡು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟಿದ್ದೇನೆ. ಹೊರಗಿನಿಂದ ನೋಡಿದರೆ ಹಾಕಿಸಿದ್ದೇ ಗೊತ್ತಾಗುವುದಿಲ್ಲ. "ಇದಕ್ಕಾ ಅಷ್ಟು ದುಡ್ಡು ಕೊಟ್ಟೆ?" ಅಂತ ಹೆಂಡತಿ ಎರಡು ಸಲ ಕೇಳಿದಳು.

ಒಂದು ಎಡವಟ್ಟಾಗಿದೆ ಸರ್. ಎರಡನೇ ದಿನ ಮಂಡಗದ್ದೆ ಹತ್ತಿರ ಎಳನೀರು ಕಂಡಿತು. ಅಭ್ಯಾಸ ನೋಡಿ, ಗಾಜು ಇಳಿಸಿಬಿಟ್ಟೆ. ಮೇಲಿನ ಅಂಚಿನಲ್ಲಿ ಬೆರಳಿನಷ್ಟು ಎದ್ದಿದೆ.

ಸ್ಟಿಕ್ಕರ್ ಕೆಲಸದವ:
ಒತ್ತಬೇಡಿ, ಕೈ ಹಾಕಬೇಡಿ. ಧೂಳು ಕೂರುವ ಮೊದಲು ಹಾಕಿಸಿದ ಕಡೆ ತಗೊಂಡು ಹೋಗಿ. ನೀರು ಬಿಟ್ಟು ಮತ್ತೆ ಕೂರಿಸುತ್ತಾರೆ. ಅಲ್ಲಿಯವರೆಗೆ ಎಳನೀರು ಬೇಕಾದರೆ ಬಾಗಿಲು ತೆಗೆದು ಇಳಿಯಿರಿ.